ಮೊದಲು ಸಾಫ್ಟ್‌ವೇರ್ ಬದಲಿಸಿದೆ, ಆಮೇಲೆ ವಿಂಡೋಸ್ ಬಿಟ್ಟೆ

ನಮ್ಮದು ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಆಹ್ವಾನ ಮಾಡಿಕೊಡುವ ಚಿಕ್ಕ ಡಿಟಿಪಿ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ ಗೊತ್ತಾಯಿತು. ನನ್ನ ಕಂಪ್ಯೂಟರಿನ ಪ್ರೊಸೆಸರ್ ನಾಲ್ಕನೇ ತಲೆಮಾರಿನ ಇಂಟೆಲ್ ಐ3. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು ಅಥವಾ ಆಮೇಲಿನದು. ಚೆನ್ನಾಗಿ ಓಡುತ್ತಿರುವ ಮಿಷನ್ ಎಸೆಯಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಹಾಕೋಣ ಅಂದುಕೊಂಡೆ.

ಆದರೆ ಒಮ್ಮೆಗೇ ಹಾರಲಿಲ್ಲ. ಆಷಾಢದಲ್ಲಿ ಮದುವೆ ಕೆಲಸ ಇರಲ್ಲ, ಅಲ್ವಾ? ಆಗ ವಿಂಡೋಸ್‌ನಲ್ಲೇ ಬರವಣಿಗೆಗೆ ಲಿಬ್ರೆಆಫೀಸ್, ಫೋಟೋಗೆ ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್, ಪುಟ ಜೋಡಿಸಲು ಸ್ಕ್ರೈಬಸ್ ಹಾಕಿಕೊಂಡೆ. ನಾಲ್ಕೂ ಉಚಿತ, ಎರಡೂ ಕಡೆ ಓಡುತ್ತವೆ. ಎರಡು ತಿಂಗಳು ಅವುಗಳಲ್ಲೇ ಕೆಲಸ ಮಾಡಿದೆ. ಹಾಗಾಗಿ ಮಿಂಟ್‌ಗೆ ಹೋದ ದಿನ ಎದುರಿಗೆ ಬಂದದ್ದೆಲ್ಲ ಪರಿಚಯದ ಮುಖಗಳೇ. ಇಂಕ್‌ಸ್ಕೇಪ್‌ನಲ್ಲಿ ಬಾರ್ಡರ್, ಗಣಪತಿ ಬರೆದು ಸ್ಕ್ರೈಬಸ್‌ಗೆ ತರುತ್ತೇನೆ. ಪ್ರೆಸ್‌ಗೆ ಬೇಕಾದ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ) ಪಿಡಿಎಫ್ ಅಲ್ಲಿಂದಲೇ ಆಗುತ್ತದೆ. ಸ್ಕ್ರೈಬಸ್ 1.6 ಹಾಕಿ. ಹಳೇ 1.4ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ.

ನನಗೆ ನಿಜವಾದ ಭಯ ಇದ್ದದ್ದು ಬೆರಳುಗಳದ್ದು. ಹದಿನೈದು ವರ್ಷ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಕೈ ಇದು. ಮಿಂಟ್‌ನಲ್ಲಿ ಕನ್ನಡ ಟೈಪ್ ಮಾಡಲು ಬೇಕಾದ ಐಬಸ್, ಅದರ ಜೊತೆ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿದೆ. ಕನ್ನಡದ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಜೊತೆಗೆ ಕೆಜಿಪಿ ಅಂತ ಒಂದಿದೆ. ಅದೇ ನಮ್ಮ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸ. ಕೆ, ಎಫ್, ಕೆ ಒತ್ತಿದೆ. ‘ಕ್ಕ’ ಬಂತು. ಅವತ್ತು ಸಂಜೆ ಸುಮ್ನೆ ಒಂದು ಪುಟ ಟೈಪ್ ಮಾಡುತ್ತಾ ಕೂತಿದ್ದೆ, ಅಷ್ಟು ಖುಷಿ. ಫಾಂಟ್‌ಗಳಿಗೆ ಗುಬ್ಬಿ, ನವಿಲು, ನೋಟೋ ಇವೆ. ಅಲಂಕಾರದ ಫಾಂಟ್ ಮಾತ್ರ ಇನ್ನೂ ಜಾಸ್ತಿ ಬೇಕು ಅನಿಸುತ್ತದೆ.

ತುಂಬಾ ಸಮಯ ತಿಂದದ್ದು ಹಳೇ ಫೈಲ್‌ಗಳು. ಅವೆಲ್ಲ ಆಸ್ಕಿ ಫಾಂಟ್‌ನವು, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೇ ಫಾಂಟ್‌ಗಳು. ಮಿಂಟ್‌ನಲ್ಲಿ ತೆರೆದರೆ ಕನ್ನಡ ಇಲ್ಲ, ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಉಚಿತ ಪರಿವರ್ತಕಕ್ಕೆ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಂಡೆ. ಮಾಡಿದ ಮೇಲೆ ಅರ್ಕಾವತ್ತನ್ನು ಒಂದೊಂದಾಗಿ ನೋಡಲೇಬೇಕು. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು. ಒಂದು ಪತ್ರಿಕೆಯಲ್ಲಿ ವರನ ಹೆಸರು ‘ಸೂರ್ಯ’ ಹೋಗಿ ‘ಸೂಯರ್’ ಆಗಿತ್ತು. ಪ್ರೂಫ್‌ನಲ್ಲಿ ಸಿಕ್ಕಿತು, ಪುಣ್ಯ. ಅಂದಿನಿಂದ ಹೆಸರುಗಳನ್ನು ಪರಿವರ್ತಕಕ್ಕೆ ಬಿಡುವುದಿಲ್ಲ, ಕೈಯಲ್ಲೇ ಟೈಪ್ ಮಾಡುತ್ತೇನೆ.

ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲ್‌ಗಳಿಗಾಗಿ ವಿಂಡೋಸನ್ನು ಒಂದು ಮೂಲೆಯಲ್ಲಿ ಉಳಿಸಿಕೊಂಡಿದ್ದೇನೆ, ಇಂಟರ್ನೆಟ್ ಕೊಟ್ಟಿಲ್ಲ. ಯಾರಾದರೂ ಬಂದು “ಹೋದ ವರ್ಷದ್ದೇ ಹಾಕಿ ಸಾರ್, ತಾರೀಕು ಬದಲಿಸಿ ಸಾಕು” ಅಂದಾಗ ಮಾತ್ರ ಆ ಕಡೆ ಹೋಗುತ್ತೇನೆ. ಕೊನೇ ಸಲ ಹೋಗಿದ್ದು ಸಂಕ್ರಾಂತಿಗೆ ಮುಂಚೆ.