ಕೊಳಗದಿಂದ ಶುರುವಾದ ಪುಸ್ತಕ

ನಾನು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. 2020ರ ಕೊನೆಗೆ ‘ಓದುವ ಬೆಳಕು’ ಕಾರ್ಯಕ್ರಮ ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಅಲ್ಲಿಯವರೆಗೆ ಪೇಪರ್ ಓದಲು ನಾಲ್ಕು ಜನ ಹಿರಿಯರು ಬಂದು ಹೋಗುತ್ತಿದ್ದರು, ಅಷ್ಟೇ. ಆಮೇಲೆ ಚಪ್ಪಲಿ ಬಿಡಲೂ ಜಾಗ ಇಲ್ಲದ ಹಾಗಾಯಿತು.

ಮಕ್ಕಳಿಗೆ ಇತಿಹಾಸದ ಪುಸ್ತಕ ಕೊಡೋಣ ಎಂದು ಕಪಾಟು ತೆಗೆದರೆ ರಾಜರು, ಯುದ್ಧ, ಕೋಟೆ. ನಮ್ಮ ತಾಲ್ಲೂಕಿನದೇ ಕಾಗೋಡು ಸತ್ಯಾಗ್ರಹದ ಬಗ್ಗೆ ದೊಡ್ಡವರ ಪುಸ್ತಕ ಇತ್ತು. ಒಡೆಯರ ಗದ್ದೆ ಉತ್ತು, ಅದಕ್ಕೆ ಗೇಣಿಯಾಗಿ ಭತ್ತ ಅಳೆದುಕೊಡುತ್ತಿದ್ದ ರೈತರ ಹೋರಾಟ ಅದು. ಐದನೇ ಕ್ಲಾಸಿನ ಮಗು ಓದುವಂಥದ್ದು ನನ್ನ ಕಪಾಟಿನಲ್ಲಿ ಒಂದೂ ಇರಲಿಲ್ಲ. ಸರಿ, ನಾನೇ ಬರೆಯುತ್ತೇನೆ ಅಂದುಕೊಂಡೆ. ಹದಿನಾರು ಪುಟ, ಚಿತ್ರ ಮಕ್ಕಳದು, ಪ್ರಿಂಟು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ.

ಮೊದಲ ಸಲ ಬರೆದದ್ದು ಹೀಗಿತ್ತು: ‘1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಹೋರಾಟ ಮಾಡಿದರು.’ ತಪ್ಪೇನೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಮೂರನೇ ಪುಟಕ್ಕೆ ಒಬ್ಬ ಹುಡುಗ ಕಿಟಕಿಯಿಂದ ಮಂಗ ನೋಡುತ್ತಿದ್ದ. ನನಗೂ ಮಂಗವೇ ಚೆನ್ನಾಗಿದೆ ಅನ್ನಿಸಿತು.

ಆಗ ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಬಗ್ಗೆ ಬರೆದದ್ದು ನೆನಪಾಯಿತು. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದು, ದುಪ್ಪಟ್ಟು ಬಾಡಿಗೆ ಕೊಟ್ಟು ಎತ್ತಿನಗಾಡಿ ಹತ್ತಿದ ಕತೆ. ಬುತ್ತಿ ತುಂಬ ಊಟ ಇದೆ, ಕುಡಿಯಲು ನೀರು ಕೊಡುವವರಿಲ್ಲ. ಅಸ್ಪೃಶ್ಯತೆ ಎಂಬ ದೊಡ್ಡ ಮಾತು ಕಿವಿಗೆ ಬೀಳುವ ಮೊದಲೇ ಓದುವವರ ಗಂಟಲು ಒಣಗಿರುತ್ತದೆ. ನನ್ನ ಕತೆಯಲ್ಲಿ ಆ ನೀರಿನಂಥದ್ದು ಯಾವುದು?

ಉತ್ತರ ಅಟ್ಟದ ಮೇಲೇ ಇತ್ತು. ಕೊಳಗ. ಭತ್ತ ಅಳೆಯುವ ಪಾತ್ರೆ. ಗೇಣಿ ಅಳೆಯುವಾಗ ಒಡೆಯರು ಸರಿಯಾದ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಿದ್ದರು ಎಂಬುದೇ ಕಾಗೋಡಿನ ಜಗಳದ ಒಂದು ಬೇರು.

ಮರುದಿನ ಎರಡು ಡಬ್ಬಿ ತಂದೆ. ಒಂದಕ್ಕೆ 12 ಲೋಟ ಅಕ್ಕಿ ಹಿಡಿಯುತ್ತದೆ, ಇನ್ನೊಂದಕ್ಕೆ 14. ದೂರದಿಂದ ನೋಡಿದರೆ ಎರಡೂ ಒಂದೇ. ಒಬ್ಬಳು ಗೇಣಿದಾರಳು, ಒಬ್ಬ ಒಡೆಯ. 60 ಡಬ್ಬಿ ಗೇಣಿ ಕೊಡಬೇಕು ಎಂದಿಟ್ಟುಕೊಳ್ಳಿ, ದೊಡ್ಡ ಡಬ್ಬಿಯಲ್ಲಿ ಅಳೆದರೆ ಎಷ್ಟು ಜಾಸ್ತಿ ಹೋಯಿತು? ಬೋರ್ಡಿನ ಮೇಲೆ ಅವರೇ ಲೆಕ್ಕ ಮಾಡಿದರು. 120 ಲೋಟ. ಅಂದರೆ ಹತ್ತು ಸಣ್ಣ ಡಬ್ಬಿ. “ಹತ್ತು ಡಬ್ಬಿ ಸುಮ್ನೆ ಹೋಯ್ತಾ ಅಕ್ಕಾ?” ಎಂದು ಗೇಣಿದಾರಳು ಸೊಂಟದ ಮೇಲೆ ಕೈ ಇಟ್ಟಳು. ಒಡೆಯನಾಗಿದ್ದ ಹುಡುಗ ಇನ್ನೂ ಜಾಣ. ಗೋಪುರದ ಹಾಗೆ ರಾಶಿ ತುಂಬಿಸಿ ಅಳೆದರೆ ಮತ್ತೂ ಜಾಸ್ತಿ ಬರುತ್ತದೆ ಎಂದು ತಾನೇ ಕಂಡುಹಿಡಿದ!

ಮೊದಲ ನಾಲ್ಕು ಪುಟ ಬರೀ ಕೊಳಗಕ್ಕೆ ಕೊಟ್ಟೆ. ಇಸವಿ ಬಂದದ್ದು ಐದನೇ ಪುಟದಲ್ಲಿ. ಗೇಣಿದಾರರಲ್ಲಿ ಹೆಚ್ಚಿನವರು ದೀವರು ಎಂಬುದನ್ನೂ ಅಲ್ಲೇ ಬರೆದೆ. ಮಕ್ಕಳ ಪುಸ್ತಕದಲ್ಲಿ ಜಾತಿ ಹೆಸರು ಯಾಕೆ ಎಂದು ಕೇಳಿದವರಿದ್ದಾರೆ. ಮಕ್ಕಳಿಗೆ ಗೊತ್ತಿಲ್ಲದ ವಿಷಯವಾ ಅದು? ಪುಸ್ತಕ ಮಾತ್ರ ಗೊತ್ತಿಲ್ಲದ ಹಾಗೆ ನಟಿಸಿದರೆ ಅವರು ಪುಸ್ತಕವನ್ನು ನಂಬುವುದಿಲ್ಲ.

ನನ್ನನ್ನು ನಿಜಕ್ಕೂ ಕಷ್ಟಕ್ಕೆ ಸಿಕ್ಕಿಸಿದ್ದು ಜೈಲಿನ ಪುಟ. ಒಡೆಯರು ಬಿಡಿಸಿಕೊಂಡ ಗದ್ದೆಗೆ ಉಳಲು ಇಳಿದ ಗೇಣಿದಾರರನ್ನು ಪೊಲೀಸರು ಹಿಡಿದುಕೊಂಡು ಹೋದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಆರನೇ ಕ್ಲಾಸಿನ ಹುಡುಗಿ ಕೈ ಎತ್ತಿದಳು. “ಬ್ರಿಟಿಷರು 1947ಕ್ಕೇ ಹೋಗಿದ್ರಲ್ಲ. ಮತ್ತೆ ಹಿಡಿದದ್ದು ಯಾರು?”

“ನಮ್ಮ ಪೊಲೀಸರೇ.”

“ನಮ್ಮವರು ನಮ್ಮವರನ್ನೇ ಯಾಕೆ ಹಿಡೀತಾರೆ?”

ಅವತ್ತು ಉತ್ತರ ಹೇಳಲು ಆಗಲಿಲ್ಲ. ಶಾಲೆಯಲ್ಲಿ ಸತ್ಯಾಗ್ರಹ ಎಂದರೆ ಗಾಂಧೀಜಿ, ಎದುರಿಗೆ ಬಿಳಿಯರು. ಕಾಗೋಡಿನಲ್ಲಿ ಆ ಅನುಕೂಲ ಇಲ್ಲ. ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷ ಆಗಿರಲಿಲ್ಲ, ಸರ್ಕಾರ ನಮ್ಮದೇ, ಆದರೆ ಭೂಮಿಯ ಕಾಗದ ಒಡೆಯರ ಹೆಸರಲ್ಲೇ ಇತ್ತು. ಪೊಲೀಸರು ನೋಡಿದ್ದು ಕಾಗದವನ್ನು. ಎರಡು ದಿನ ಯೋಚಿಸಿ ಅಷ್ಟನ್ನೇ ಬರೆದೆ. ಅವಳ ಪ್ರಶ್ನೆಯನ್ನೂ ಆ ಪುಟದ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಇಡೀ ಪುಸ್ತಕದಲ್ಲಿ ಒಳ್ಳೆಯ ಸಾಲು ಅದೇ, ನನ್ನದಲ್ಲ.

ಊರಿನ ಒಬ್ಬ ಅಜ್ಜಿಯನ್ನೂ ಮಾತಾಡಿಸಿದೆವು. ಆಗ ಅವರಿಗೆ ಏಳೆಂಟು ವರ್ಷವಂತೆ. ಲೋಹಿಯಾ ಬಂದದ್ದು ನೆನಪಿದೆಯಾ ಎಂದರೆ ಇಲ್ಲ ಅಂದರು. “ಅಪ್ಪ ಮನೇಲಿರ್ಲಿಲ್ಲ. ಆ ಮಳೆಗಾಲಕ್ಕೆ ಹಲಸಿನ ಬೀಜ ಬೇಯಿಸಿ ತಿಂದದ್ದು ನೆನಪಿದೆ ಕಣೇ.” ಹಲಸಿನ ಬೀಜಕ್ಕೆ ಒಂದು ಪೂರ್ತಿ ಪುಟ ಹೋಯಿತು. ಚಿತ್ರ ಬಿಡಿಸಲು ಜಗಳವೇ ಆಯಿತು.

ಎಲ್ಲ ಸುಸೂತ್ರವಾಗಿ ನಡೆಯಲಿಲ್ಲ. ಓದುವ ಗುಂಪಿನಲ್ಲಿ ಗೇಣಿ ಕೊಟ್ಟವರ ಮೊಮ್ಮಕ್ಕಳೂ ಇದ್ದರು, ಗೇಣಿ ತೆಗೆದುಕೊಂಡವರ ಮೊಮ್ಮಗನೂ ಇದ್ದ. ಮೊದಲು ಮಕ್ಕಳು ಬಿಡಿಸಿದ ಒಡೆಯನಿಗೆ ದಪ್ಪ ಮೀಸೆ, ಕೆಂಪು ಕಣ್ಣು. ಆ ಹುಡುಗ ಎಲ್ಲರೂ ಹೋದಮೇಲೆ ಬಾಗಿಲ ಹತ್ತಿರ ನಿಂತು ಕೇಳಿದ, “ನಮ್ಮಜ್ಜಂದ್ರು ಕಳ್ಳರಾ ಅಕ್ಕಾ?” ಅವರ ಕಾಲದ ಪದ್ಧತಿ ಅನ್ಯಾಯದ್ದು, ಅದರಿಂದ ಅವರಿಗೆ ಲಾಭ ಆಯಿತು, ನೀನು ಅಳೆದವನಲ್ಲ ಎಂದೆ. ಸರಿಯಾಗಿ ಹೇಳಿದೆನೋ ಇಲ್ಲವೋ. ಮಾರನೇ ದಿನ ಅವನ ಅಮ್ಮ ಬಂದು, ಹಳೇದನ್ನೆಲ್ಲ ಮಕ್ಕಳ ತಲೆಗೆ ಯಾಕೆ ತುಂಬುತ್ತೀರಿ ಎಂದರು. ದೊಡ್ಡ ಕೊಳಗ ಪುಸ್ತಕದಲ್ಲಿ ಇರುತ್ತದೆ, ಕೆಂಪು ಕಣ್ಣು ಬೇಡ ಎಂದು ತೀರ್ಮಾನಿಸಿದೆ. ಈಗ ಒಡೆಯ ಕನ್ನಡಕ ಹಾಕಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾನೆ. ನನಗೆ ಇವನೇ ಜಾಸ್ತಿ ಭಯ ಹುಟ್ಟಿಸುತ್ತಾನೆ. ಹುಡುಗ ಎರಡು ವಾರ ಬರಲಿಲ್ಲ. ಆಮೇಲೆ ಬಂದು ಡೈನೋಸಾರ್ ಪುಸ್ತಕ ತೆಗೆದುಕೊಂಡು ಹೋದ.

ಮಾಡುವವರಿಗೆ ಒಂದು ಕೆಲಸದ ಮಾತು. ಎ4 ಹಾಳೆಯನ್ನು ಮಡಚಿದರೆ ಒಂದು ಹಾಳೆಗೆ ನಾಲ್ಕು ಪುಟ. ಹಾಗಾಗಿ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು. ಮಾಮೂಲಿ ಸ್ಟೇಪ್ಲರ್ ನಡುವಿನವರೆಗೆ ಎಟುಕುವುದಿಲ್ಲ. ದಬ್ಬಣ, ದಪ್ಪ ದಾರ ತೆಗೆದುಕೊಂಡು ಹೊಲಿಯಿರಿ, ಗಟ್ಟಿ ನಿಲ್ಲುತ್ತದೆ.

ಕೊನೆಯ ಪುಟಕ್ಕೆ 1974 ಬಂತು. ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ, ಉಳುವ ಭೂಮಿ ತಮ್ಮ ಹೆಸರಿಗಾಗಲಿ ಎಂದು ಗೇಣಿದಾರರು ತುಂಬಿದ ನಮೂನೆ 7ರ ಅರ್ಜಿ, ಭೂ ನ್ಯಾಯಮಂಡಳಿ, ‘ಉಳುವವನೇ ಹೊಲದೊಡೆಯ’. ಮನೆಯ ಟ್ರಂಕಿನಲ್ಲಿ ಹಳೇ ಕಾಗದ ಹುಡುಕಿಕೊಂಡು ಬನ್ನಿ ಎಂದಿದ್ದೆ. ಮೂವರು ಮಕ್ಕಳು ತಂದರು, ಮುಟ್ಟಿದರೆ ಪುಡಿಯಾಗುವಂಥ ಕಾಗದ. ಸಂಭ್ರಮವೋ ಸಂಭ್ರಮ. ಅದೇ ಗೇಣಿದಾರಳ ಪಾತ್ರದ ಹುಡುಗಿ ಬರಿಗೈಲಿ ಬಂದಿದ್ದಳು. ಅವಳ ಅಜ್ಜ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರು, ಗೇಣಿ ಕಟ್ಟಿದವರಲ್ಲ. “ನಮ್ಮಜ್ಜನೂ ಉತ್ತಿದ್ರಲ್ಲ ಅಕ್ಕಾ, ನಮಗ್ಯಾಕೆ ಬರ್ಲಿಲ್ಲ?”

ಕಾಯ್ದೆ ಮುಖ್ಯವಾಗಿ ನೋಡಿದ್ದು ಗೇಣಿದಾರರನ್ನು. ಅದನ್ನು ಬರೆಯದೆ ಪುಸ್ತಕ ಮುಗಿಯಿತು ಎನ್ನಲು ಮನಸ್ಸು ಬರಲಿಲ್ಲ. ನೀನೇ ಬರಿ, ಅಜ್ಜನನ್ನು ಕೇಳಿಕೊಂಡು ಬರಿ ಎಂದೆ. ಅವಳ ಭಾಗ ಸೇರಿಸಬೇಕೆಂದರೆ ಇನ್ನೂ ನಾಲ್ಕು ಪುಟ ಬೇಕು. ಈವರೆಗೆ ಒಂದೂವರೆ ಬರೆದಿದ್ದಾಳೆ. ಎರಡನೇ ಸಲದ ಜೆರಾಕ್ಸ್ ಅದಕ್ಕೇ ನಿಂತಿದೆ.