ಗುಡ್ಡ ಹತ್ತಿ ಷೇರು ಮಾರಿದ್ದು

2024ರ ಜುಲೈ. ತೀರ್ಥಹಳ್ಳಿ ಕಡೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ, ಕರೆಂಟು ಹೋಗಿ ಮೂರು ದಿನ. ಟವರಿನ ಬ್ಯಾಟರಿ ಮುಗಿದ ಮೇಲೆ ನಮ್ಮೂರಲ್ಲಿ ಮೊಬೈಲು ಬರೀ ಟಾರ್ಚು. ಮನೆ ಹಿಂದಿನ ಗುಡ್ಡದ ಗೇರುಮರದ ಬುಡದಲ್ಲಿ ಮಾತ್ರ ಎಲ್ಲಿಂದಲೋ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ಕೊಡೆ ಹಿಡಿದು ನಿಂತಿದ್ದೆ. ಷೇರು ಮಾರಬೇಕಿತ್ತು. ಮಾರಲು ಷೇರು ಇಟ್ಟ ಡಿಮ್ಯಾಟ್ ಖಾತೆಯ ಗುಪ್ತಸಂಖ್ಯೆ, ಟಿಪಿನ್, ಒತ್ತಬೇಕು, ಒತ್ತಿದರೆ ಒಟಿಪಿ ಬರಬೇಕು, ಅದು ಬರುವಷ್ಟರಲ್ಲಿ ಆ್ಯಪು ಸಮಯ ಮೀರಿತು ಅನ್ನುತ್ತದೆ. ಮೂರನೇ ಸಲಕ್ಕೆ ಆರ್ಡರ್ ಹೋಯಿತು, ಅಷ್ಟರಲ್ಲಿ ಎರಡು ಉಂಬಳ ಮೊಣಕಾಲು ದಾಟಿದ್ದವು. ಹೋದ ಆರ್ಡರ್ ಹಾಗೇ ನಿಂತಿತು. ಕೊಳ್ಳುವವರ ಕಡೆ ಸೊನ್ನೆ, ಮಾರುವವರ ಕಡೆ ಲಕ್ಷಗಟ್ಟಲೆ ಷೇರು.

ಕಂಪನಿಯ ಹೆಸರು ಬೇಡ, ಅದು ಹುಡುಕುವ ಖನಿಜ ಯಾವುದು ಅನ್ನುವುದೂ ಬೇಡ. ನೆಲದಡಿ ಏನಿದೆ ಎಂದು ಹುಡುಕುವ ಸಣ್ಣ ಕಂಪನಿ, ಅಷ್ಟು ಸಾಕು. ಭಾವ ಒಂದು ಉಪನಯನದ ಊಟದ ಪಂಕ್ತಿಯಲ್ಲಿ ಕಿವಿಗೆ ಹಾಕಿದ್ದ. 2023ರ ಏಪ್ರಿಲ್‌ನಲ್ಲಿ ಅಡಿಕೆ ಕೊಟ್ಟ ದುಡ್ಡಲ್ಲಿ 38 ರೂಪಾಯಿಗೆ 500 ಷೇರು ತೆಗೆದುಕೊಂಡೆ. ಸೆಪ್ಟೆಂಬರಿನಲ್ಲಿ ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ಬೆಲೆ ಒಂದು ದಿನದಲ್ಲಿ ಏರಬಹುದಾದ ಮಿತಿ ಮುಟ್ಟಿ ನಿಲ್ಲುವುದು. ನನಗೂ ತಲೆ ತಿರುಗಿತು. 71ರ ಸುಮಾರಿಗೆ ಇನ್ನೊಂದು ಸಾವಿರ. ಒಟ್ಟು 90 ಸಾವಿರ ರೂಪಾಯಿ, ಸರಾಸರಿ 60. ಕಡಿಮೆ ಬೆಲೆಗೆ ಕಡಿಮೆ ಕೊಂಡು, ಜಾಸ್ತಿ ಬೆಲೆಗೆ ಜಾಸ್ತಿ ಕೊಂಡವನು ನಾನೊಬ್ಬನೇ ಅಲ್ಲ ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತೇನೆ.

ಜುಲೈನಲ್ಲಿ ಅಡಿಕೆಗೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸುವುದಿತ್ತು. ಮೈಲುತುತ್ತದ ಬಾಕಿ, ಮರ ಹತ್ತುವ ಕೊನೆಗೌಡರ ಕೂಲಿ ಎಲ್ಲ ಒಟ್ಟಿಗೆ ಬಂತು. ಷೇರು 64ರಲ್ಲಿತ್ತು. 600 ಮಾರಿದರೆ 38 ಸಾವಿರ ಚಿಲ್ಲರೆ ಬರುತ್ತದೆ ಎಂದು ಲೆಕ್ಕ ಹಾಕಿ ಮಲಗಿದೆ. ಮರುದಿನ ಕಂಪನಿಯಿಂದ ಒಂದು ಪ್ರಕಟಣೆ: ಇಂಥ ಬ್ಲಾಕಿನ ಡ್ರಿಲ್ಲಿಂಗ್ ಮುಂದೂಡಲಾಗಿದೆ. ಕಾರಣ ಒಂದು ಸಾಲು, ಅದೂ ಅರ್ಥವಾಗದ್ದು. ಅಲ್ಲಿಂದ ದಿನಾ ಇಳಿಕೆಯ ಮಿತಿ ಮುಟ್ಟುವ ಲೋವರ್ ಸರ್ಕ್ಯೂಟ್ ಶುರು.

ಈ ಷೇರಿಗೆ ದಿನಕ್ಕೆ ಶೇಕಡ 5ರ ಮಿತಿ, ಜೊತೆಗೆ ಟ್ರೇಡ್ ಟು ಟ್ರೇಡ್ ಗುಂಪು. ಅಂದರೆ ಬೆಳಿಗ್ಗೆ ಕೊಂಡು ಸಂಜೆ ಮಾರುವ ಆಟ ಇಲ್ಲ, ಕೊಂಡವನು ದುಡ್ಡು ಕೊಟ್ಟು ಷೇರು ಮನೆಗೆ ಒಯ್ಯಲೇಬೇಕು. ಜೂಜುಕೋರರನ್ನು ದೂರ ಇಡಲು ಮಾಡಿದ ನಿಯಮ, ಒಳ್ಳೆಯದೇ. ಆದರೆ ಬೀಳುವ ದಿನ ಮಧ್ಯದಲ್ಲಿ ಕೈ ಒಡ್ಡುವವರೂ ಇರುವುದಿಲ್ಲ. ಆರ್ಡರ್ ಆ ದಿನಕ್ಕೆ ಮಾತ್ರ. ಮೂರೂವರೆಗೆ ಸತ್ತು ಹೋಗುತ್ತದೆ, ಮರುದಿನ ಮತ್ತೆ ಗುಡ್ಡ ಹತ್ತಬೇಕು. ಒಂದೇ ಬೆಲೆಯಲ್ಲಿ ಮೊದಲು ಬಂದವನ ಸರದಿ ಮೊದಲು, ಹಾಗಾಗಿ ಪೇಟೆಯಲ್ಲಿ ವೈಫೈ ಇಟ್ಟುಕೊಂಡವನ ಹಿಂದೆ ನಾನು. ಐದನೇ ದಿನಕ್ಕೆ 50ಕ್ಕಿಂತ ಕೆಳಗೆ. ಆರನೇ ದಿನ ಯಾರೋ ಪುಣ್ಯಾತ್ಮರು ಕೊಳ್ಳಲು ಬಂದರು. 600 ಷೇರು 48ಕ್ಕೆ ಹೋಯಿತು. ಕೈಗೆ 28,800.

9,600 ರೂಪಾಯಿ ಹೋದದ್ದಕ್ಕಿಂತ ಐದು ದಿನ ಪರದೆಯ ಮೇಲೆ ಬೆಲೆ ಕಾಣುತ್ತಿದ್ದರೂ ಆ ಬೆಲೆಗೆ ನನ್ನ ಷೇರು ಯಾರಿಗೂ ಬೇಡವಾಗಿದ್ದದ್ದು ಹೆಚ್ಚು ಉರಿಸಿತು. ನಾವು ಅಡಿಕೆಯವರು, ಇದು ನಮಗೆ ಹೊಸದಾಗಬಾರದಿತ್ತು. ಪೇಪರಿನಲ್ಲಿ ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಕನಿಷ್ಠ–ಗರಿಷ್ಠ ಧಾರಣೆ ಹಾಕುತ್ತಾರೆ. ಆ ಗರಿಷ್ಠ ಯಾರ ಮೂಟೆಗೆ ಸಿಕ್ಕಿತೋ, ನಮ್ಮ ಮೂಟೆಗೆ ಬೀಳುವುದು ಬೇರೆ. ಹಾಗಿದ್ದರೂ ಮಂಡಿಯಲ್ಲಿ ಏನೋ ಒಂದು ರೇಟಿಗೆ ಮಾಲು ಹೋಗುತ್ತದೆ. ಇಲ್ಲಿ ಐದು ದಿನ ಧಾರಣೆ ಇತ್ತು, ವ್ಯಾಪಾರ ಇರಲಿಲ್ಲ.

ಸಿಟ್ಟಿನಲ್ಲಿ ಕಂಪನಿಗೆ ಎರಡು ಮೇಲ್ ಬರೆದೆ, ಉತ್ತರ ಇಲ್ಲ. ಷೇರುಪೇಟೆ ನಿಯಂತ್ರಿಸುವ ಸೆಬಿಯ ದೂರಿನ ಜಾಲತಾಣ ಸ್ಕೋರ್ಸ್‌ನಲ್ಲಿ ದೂರು ಕೊಡೋಣ ಎಂದು ಕೂತೆ. ಬರೆಯುತ್ತ ಬರೆಯುತ್ತ ಕೈ ನಿಂತಿತು. ಬೆಲೆ ಬಿತ್ತು ಅನ್ನುವುದು ದೂರಲ್ಲ. ಯಾವ ನಿಯಮ ಮುರಿದರು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಒಂದು ಪ್ರಕಟಣೆಯನ್ನೂ ನಾನು ಅಲ್ಲಿಯವರೆಗೆ ಪೂರ್ತಿ ಓದಿದವನಲ್ಲ.

ಆ ಮಳೆಗಾಲ ಓದಿದೆ. ಎರಡು ವರ್ಷದ್ದನ್ನು ಡೌನ್‌ಲೋಡ್ ಮಾಡಿಕೊಂಡು, ಮಗಳ ಹಳೆ ನೋಟ್‌ಬುಕ್ಕಿನಲ್ಲಿ ತಾರೀಖಿನ ಪ್ರಕಾರ ಬರೆದೆ.

ಮೊದಲು ಕಂಡದ್ದು ದುಡ್ಡಿನ ಸಂಗತಿ. ಇಂಥ ಕಂಪನಿಗೆ ಮಾರಾಟ ಅನ್ನುವುದೇ ಇಲ್ಲ. ಕೊರೆಯುವುದು, ಸಂಬಳ ಕೊಡುವುದು, ಮಾದರಿ ಲ್ಯಾಬಿಗೆ ಕಳಿಸುವುದು, ಎಲ್ಲ ಖರ್ಚೇ. ತ್ರೈಮಾಸಿಕ ಫಲಿತಾಂಶದಲ್ಲಿ ನಷ್ಟ ಮಾತ್ರ ಕಾಣುತ್ತದೆ. ಕೈಯಲ್ಲಿ ಎಷ್ಟು ನಗದು ಉಳಿದಿದೆ ಎಂದು ತಿಳಿಯಬೇಕಾದರೆ ಸೆಪ್ಟೆಂಬರ್ ಮತ್ತು ಮಾರ್ಚ್ ಅಂತ್ಯದ ಲೆಕ್ಕದ ಜೊತೆ ಬರುವ ಆಸ್ತಿ–ಹೊಣೆ ಪಟ್ಟಿ ನೋಡಬೇಕು. ನಾನು ನೋಡಿದಾಗ ಮಾರ್ಚ್ ಕೊನೆಗೆ ಸುಮಾರು 9 ಕೋಟಿ ಇತ್ತು, ಅದಕ್ಕೂ ಹಿಂದಿನ ಆರು ತಿಂಗಳ ಖರ್ಚು 7 ಕೋಟಿ ಹತ್ತಿರ. ಕಣಜದಲ್ಲಿ ಎಂಟು ತಿಂಗಳ ಭತ್ತ. ಆಮೇಲೆ? ಹೊಸ ಷೇರು ಅಚ್ಚು ಹಾಕಿ ಮಾರಬೇಕು, ನನ್ನ ಪಾಲು ತೆಳ್ಳಗಾಗಬೇಕು. ಹಿಂದಿನ ವರ್ಷವೂ ಹಾಗೇ ಆಗಿತ್ತು. ಪ್ರವರ್ತಕರ ಕಡೆಯವರಿಗೆ ವಾರಂಟ್, ಅಂದರೆ ಗೊತ್ತು ಮಾಡಿದ ಬೆಲೆಗೆ ಮುಂದೆ ಷೇರು ತೆಗೆದುಕೊಳ್ಳುವ ಹಕ್ಕು, ಕೊಟ್ಟಿದ್ದರು. ವಾರಂಟಿಗೆ ಮೊದಲು ಕಾಲು ಭಾಗ ದುಡ್ಡು ಕಟ್ಟಿದರೆ ಸಾಕು, ಉಳಿದದ್ದಕ್ಕೆ 18 ತಿಂಗಳ ಸಮಯ. ಬೆಲೆ ಏರಿದರೆ ಪೂರ್ತಿ ಕಟ್ಟಿ ಷೇರು ತೆಗೆದುಕೊಳ್ಳುತ್ತಾರೆ, ಬಿದ್ದರೆ ಕಟ್ಟಿದ್ದು ಬಿಟ್ಟುಬಿಡುತ್ತಾರೆ. ಕಾನೂನಿಗೆ ಸರಿಯೇ. ಆದರೂ ನಮ್ಮ ಹುಳುಕು ಅಡಿಕೆಗೂ ಯಾರಾದರೂ ಹೀಗೆ ಹದಿನೆಂಟು ತಿಂಗಳು ಕಾಯುತ್ತಾರಾ ಅನ್ನಿಸಿ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಎರಡನೆಯದು ಭಾಷೆ. ಬೋರ್‌ವೆಲ್ ಪಾಯಿಂಟ್ ನೋಡಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಿತು ಅನ್ನುವುದು ಒಂದು ಸುದ್ದಿ. ಕೊರೆದಾಗ ಒದ್ದೆ ಪುಡಿ ಬಂತು ಅನ್ನುವುದು ಇನ್ನೊಂದು. ಎರಡು ಇಂಚು ನೀರು ಅನ್ನುವುದು ಮತ್ತೊಂದು, ಅದು ಏಪ್ರಿಲ್‌ನಲ್ಲೂ ಉಳಿಯುತ್ತಾ ಅನ್ನುವುದು ಬೇರೆಯೇ. ಖನಿಜ ಹುಡುಕಾಟಕ್ಕೂ ನಮ್ಮಲ್ಲಿ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತ. ಜಿ4 ಅಂದರೆ ಮೇಲ್ಮೇಲೆ ನೋಡಿದ್ದು, ಜಿ1 ಅಂದರೆ ಒತ್ತೊತ್ತಾಗಿ ಕೊರೆದು ಅಳೆದದ್ದು. ನಾನು 71 ಕೊಟ್ಟದ್ದು ಜಿ4ರ ಸುದ್ದಿಗೆ, ಅಂದರೆ ಎದ್ದು ನಿಂತ ತೆಂಗಿನಕಾಯಿಗೆ.

ಕೊರೆದ ಫಲಿತಾಂಶ ಬಂದರೂ ಎರಡು ಅಂಕಿ ಒಟ್ಟಿಗೆ ನೋಡಬೇಕು. ಚಿನ್ನವನ್ನೇ ತೆಗೆದುಕೊಳ್ಳಿ. ಟನ್ನಿಗೆ 3 ಗ್ರಾಂ ಅಂದರೆ ಇಪ್ಪತ್ತು ಮೂಟೆ ಸಿಮೆಂಟಿನ ತೂಕದ ಕಲ್ಲು ಪುಡಿ ಮಾಡಿದರೆ ಒಂದು ಸಣ್ಣ ಉಂಗುರ. ಅಂಥ ಕಲ್ಲು ಮೂವತ್ತು ಮೀಟರ್ ಉದ್ದಕ್ಕೆ ಸಿಕ್ಕಿದೆಯೋ, ಅರ್ಧ ಮೀಟರ್ ಮಾತ್ರವೋ? ಶೀರ್ಷಿಕೆಯಲ್ಲಿ ಗ್ರಾಂ ದಪ್ಪಕ್ಷರದಲ್ಲಿ, ಮೀಟರ್ ಒಳಗೆ ಟೇಬಲ್ಲಿನಲ್ಲಿ. ಓರೆಯಾಗಿ ಕೊರೆದಿದ್ದರೆ ಆ ಮೀಟರೂ ಪದರದ ನಿಜವಾದ ದಪ್ಪ ಅಲ್ಲ.

ಇಷ್ಟೆಲ್ಲ ಇದ್ದರೂ ತೆಗೆಯಲು ಬಿಡುತ್ತಾರಾ ಅನ್ನುವ ಪ್ರಶ್ನೆ ಉಳಿಯುತ್ತದೆ. ಇದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುದುರೆಮುಖದಲ್ಲಿ ಅದಿರು ಮುಗಿದು ಗಣಿ ನಿಂತದ್ದಲ್ಲ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತದ್ದು. ಕಾನೂನೂ ಬದಲಾಗುತ್ತಿರುತ್ತದೆ. 2015ರಲ್ಲಿ ಗಣಿ ಗುತ್ತಿಗೆ ಹರಾಜಿಗೆ ಬಂತು. ಅದಕ್ಕೂ ಮೊದಲು ಪರವಾನಗಿ ಪಡೆದು ಹುಡುಕಿದ್ದವರ ಹಕ್ಕನ್ನು ಒಂದು ಕಲಂ ಅಡಿ ಉಳಿಸಿದ್ದರು, 2021ರ ತಿದ್ದುಪಡಿ ಆ ಬಾಕಿ ಪ್ರಕರಣಗಳನ್ನೂ ಮುಗಿಸಿತು. ವರ್ಷಗಟ್ಟಲೆ ಕೊರೆದವನಿಗೇ ಗುತ್ತಿಗೆ ಸಿಗುತ್ತದೆ ಎಂದು ನಂಬಿದ್ದ ನಾನು ಅದನ್ನು ಓದಿ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಸೆಪ್ಟೆಂಬರಿನ ವಾರ್ಷಿಕ ಸಭೆ ವಿಡಿಯೊದಲ್ಲಿ ನಡೆಯಿತು. ಮೊದಲೇ ಹೆಸರು ಕೊಟ್ಟರೆ ಷೇರುದಾರರು ಮಾತಾಡಬಹುದು. ಕೊಟ್ಟೆ. ತೀರ್ಥಹಳ್ಳಿ ಪೇಟೆಯಲ್ಲಿ ಭಾವನ ಅಂಗಡಿಯ ಹಿಂದೆ ಕೂತು ಕೇಳಿದೆ: "ಸರ್, ಕೈಯಲ್ಲಿರುವ ನಗದು ಎಷ್ಟು ತಿಂಗಳಿಗೆ ಸಾಕು? ಆಮೇಲೆ ದುಡ್ಡು ಎಲ್ಲಿಂದ?" ನನಗಿಂತ ಮೊದಲಿನವರು ನಾಲ್ಕು ಜನ ಬೆಲೆ ಯಾಕೆ ಬಿತ್ತು ಎಂದು ಕೇಳಿ, ಅದು ಮಾರುಕಟ್ಟೆಗೆ ಬಿಟ್ಟದ್ದು ಎಂಬ ಉತ್ತರ ಪಡೆದಿದ್ದರು. ನನಗೆ, ಈಗಿರುವ ಷೇರುದಾರರಿಗೇ ಹೊಸ ಷೇರು ಮಾರುವ, ಅಂದರೆ ಹಕ್ಕಿನ ಷೇರು ನೀಡುವ ಆಲೋಚನೆ ಮಂಡಳಿಯ ಮುಂದಿದೆ ಎಂದರು. ಒಂದೂವರೆ ವರ್ಷದಲ್ಲಿ ಅವರ ಬಾಯಿಂದ ಕೇಳಿದ ಮೊದಲ ಉಪಯೋಗದ ಮಾತು ಅದು. ಭಾವ ಹೊರಗಿನಿಂದ ಟೀ ತಂದವನು, "ಏನಂತೆ, ಏರ್ತದಂತಾ?" ಅಂದ.

ಆಮೇಲೆ ನಾನು ಮಾಡಿದ್ದು ಹೆಚ್ಚೇನಿಲ್ಲ. ತೋಟದ ಖರ್ಚಿನ ದುಡ್ಡನ್ನು ಆ ಷೇರಿನಿಂದ ದೂರ ಇಟ್ಟೆ. ಟಿಪಿನ್ ಕಾಟ ತಪ್ಪಿಸಲು ಬ್ರೋಕರಿಗೆ ಡಿಡಿಪಿಐ ಫಾರಂ ಕಳಿಸಿದೆ. ನಮಗೆ ಗೊತ್ತಿದ್ದ ಡಿಡಿಪಿಐ ಅಂದರೆ ಶಿಕ್ಷಣ ಇಲಾಖೆಯ ಸಾಹೇಬರು, ಇದು ಡಿಮ್ಯಾಟಿನಿಂದ ಷೇರು ತೆಗೆಯಲು ಕೊಡುವ ಒಪ್ಪಿಗೆ ಪತ್ರ. ಮತ್ತೊಂದು ತೀರ್ಮಾನವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ: ಮಾರುವುದಿದ್ದರೆ ಅಪ್ಪರ್ ಸರ್ಕ್ಯೂಟಿನ ದಿನ. ಆ ದಿನ ಕೊಳ್ಳುವವರು ಸಾಲು ನಿಂತಿರುತ್ತಾರೆ, ನಾನು ಗುಡ್ಡ ಹತ್ತಿದ್ದು ತಡವಾದರೂ ನಡೆಯುತ್ತದೆ.

2025ರ ಜನವರಿಯಲ್ಲಿ ಒಂದು ಒಳ್ಳೆಯ ಪ್ರಕಟಣೆ ಬಂತು, ಎರಡು ದಿನ ಅಪ್ಪರ್ ಸರ್ಕ್ಯೂಟ್. ಅಡಿಕೆ ಸುಲಿಯುವ ಮಧ್ಯೆ ಎದ್ದು ಹೋಗಿ 500 ಷೇರು 58ಕ್ಕೆ ಕೊಟ್ಟೆ. ಒತ್ತಿದ ಕ್ಷಣಕ್ಕೆ ಹೋಯಿತು. ಮೂರನೇ ದಿನವೂ ಏರಿತು, ಭಾವ ಫೋನ್ ಮಾಡಿ ನಕ್ಕ.

ತೆರಿಗೆ ಲೆಕ್ಕದಲ್ಲೂ ಒಂದು ಪಾಠ ಆಯಿತು. ಜುಲೈನಲ್ಲಿ 60ರ ಸರಾಸರಿಯದ್ದನ್ನು 48ಕ್ಕೆ ಮಾರಿ ನಷ್ಟ ಎಂದುಕೊಂಡಿದ್ದೆ. ಇಲಾಖೆಗೆ ಸರಾಸರಿ ಬೇಡ, ಮೊದಲು ಕೊಂಡದ್ದು ಮೊದಲು ಹೋಯಿತು ಅನ್ನುವುದು ಲೆಕ್ಕ. 38ರ ಐನೂರು ಷೇರು ಹೋಗಿ 5,000 ಲಾಭವೇ ಬಂದಿತ್ತು! 71ರ ನೂರರಲ್ಲಿ 2,300 ನಷ್ಟ, ಜನವರಿಯ ಐನೂರರಲ್ಲಿ 6,500 ನಷ್ಟ. ಕೂಡಿ ಕಳೆದು 3,800 ನಷ್ಟ ಉಳಿಯಿತು. ಗಡುವಿನೊಳಗೆ ರಿಟರ್ನ್ ಹಾಕಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅಡಿಕೆಗೆ ಆದಾಯ ತೆರಿಗೆ ಇಲ್ಲದ್ದರಿಂದ ನಾನು ರಿಟರ್ನ್ ಹಾಕಿದವನೇ ಅಲ್ಲ, ಇದಕ್ಕೋಸ್ಕರ ಹಾಕಿದೆ.

ಇನ್ನೂ 400 ಷೇರು ಇದೆ. ಅದನ್ನು ಯಾಕೆ ಇಟ್ಟುಕೊಂಡೆ ಎಂದು ಹೆಂಡತಿ ಕೇಳುತ್ತಾಳೆ. ಬೋರ್ ಕೊರೆಯುವ ಲಾರಿ ಬೇರೆಯವರ ತೋಟಕ್ಕೆ ಬಂದರೂ ನೀರು ಬೀಳುವ ತನಕ ನೋಡಿಕೊಂಡು ನಿಲ್ಲುವವಳು ಅವಳೂ ಹೌದು. ಜೂನ್ ತ್ರೈಮಾಸಿಕದ ಲೆಕ್ಕ ಆಗಸ್ಟ್ 14ರೊಳಗೆ ಬರಬೇಕು. ಎರಡನೇ ಔಷಧಿಯೂ ಹೆಚ್ಚುಕಮ್ಮಿ ಆ ಹೊತ್ತಿಗೇ, ಅದರ ದುಡ್ಡು ಈ ಸಲ ಸೊಸೈಟಿಯ ಖಾತೆಯಲ್ಲಿದೆ.