ಪೊಲೀಸ್ ರೇಡಿಯೋಗೆ ಬೀಗ ಬಿದ್ದ ಮೇಲೆ: ಅಮೆರಿಕದಲ್ಲಿರುವ ಕನ್ನಡಿಗರಿಗೆ ಸ್ಕ್ಯಾನರ್ ಆಲಿಸುವ ಮಾರ್ಗದರ್ಶಿ

ನಡುರಾತ್ರಿ ಮನೆಯ ಮೇಲೆ ಹೆಲಿಕಾಪ್ಟರ್ ಸುತ್ತು ಹಾಕತೊಡಗಿ, ಬೀದಿಯ ಕೊನೆಯಲ್ಲಿ ಕೆಂಪು ನೀಲಿ ದೀಪಗಳು ಮಿನುಗುವಾಗ, ಏನಾಗುತ್ತಿದೆ ಎಂದು ತಿಳಿಯುವ ದಾರಿ ಅಮೆರಿಕದ ನಾಗರಿಕರಿಗೆ ದಶಕಗಳಿಂದ ಇತ್ತು. ಸ್ಕ್ಯಾನರ್ ಎಂಬ ಸಣ್ಣ ರೇಡಿಯೋ ತೆಗೆದುಕೊಂಡು ಪೊಲೀಸರ ಮತ್ತು ತುರ್ತು ಕರೆ ಬಂದಾಗ ಅವರನ್ನು ಸ್ಥಳಕ್ಕೆ ಕಳಿಸುವ ಡಿಸ್ಪ್ಯಾಚರ್‌ಗಳ ಮಾತುಕತೆಯನ್ನು ನೇರವಾಗಿ ಕೇಳಬಹುದಿತ್ತು. ಈಗ ಒಂದೊಂದೇ ನಗರ ಆ ಮಾತುಕತೆಯನ್ನು ಎನ್‌ಕ್ರಿಪ್ಷನ್‌ಗೆ ಒಳಪಡಿಸುತ್ತಿದೆ, ಎಂದರೆ ಸರಿಯಾದ ಕೀಲಿ ಇಲ್ಲದವರಿಗೆ ಅರ್ಥವಾಗದ ಸಂಕೇತವಾಗಿ ಬದಲಿಸುತ್ತಿದೆ. ವಾಷಿಂಗ್ಟನ್ ಡಿಸಿಯ ಪೊಲೀಸರು 2011ರಲ್ಲಿಯೇ ಹೀಗೆ ಮಾಡಿದರು. ಡೆನ್ವರ್ 2019ರಲ್ಲಿ ಅದೇ ಹಾದಿ ಹಿಡಿಯಿತು. ನ್ಯೂಯಾರ್ಕ್ ಪೊಲೀಸರು 2023ರ ಬೇಸಿಗೆಯಲ್ಲಿ ಬ್ರೂಕ್ಲಿನ್‌ನ ಉತ್ತರ ಭಾಗದ ಠಾಣೆಗಳಿಂದ ಆರಂಭಿಸಿದರು. ಇಷ್ಟಾದರೂ ಎಲ್ಲ ಬಾಗಿಲೂ ಮುಚ್ಚಿಲ್ಲ. ಯಾವುದು ತೆರೆದಿದೆ ಎಂದು ಕಂಡುಕೊಳ್ಳುವುದು, ಕಾನೂನಿನ ಒಳಗೇ ಇದ್ದು ಅದನ್ನು ಆಲಿಸುವುದು, ಮುಚ್ಚಿರುವ ಕಡೆ ಸಾರ್ವಜನಿಕ ದಾಖಲೆಯ ಮೂಲಕ ಮಾಹಿತಿ ಪಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದರಲ್ಲಿ ಹೇಳಿರುವುದೆಲ್ಲ ಅಮೆರಿಕದ ಕಾನೂನಿಗೆ ಸಂಬಂಧಿಸಿದ್ದು. ಭಾರತದಲ್ಲಿ 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ರೇಡಿಯೋ ಉಪಕರಣಗಳಿಗೆ ಸರ್ಕಾರದ ಪರವಾನಗಿಯ ನಿಯಮಗಳಿವೆ, ಸಂದೇಶಗಳನ್ನು ಅಕ್ರಮವಾಗಿ ಆಲಿಸುವುದು ಶಿಕ್ಷಾರ್ಹ ಅಪರಾಧ. ಆದ್ದರಿಂದ ಇಲ್ಲಿನ ಕ್ರಮವನ್ನು ಊರಿನಲ್ಲಿ ಯಾರೂ ಪ್ರಯೋಗಿಸಿ ನೋಡಬಾರದು.

ಮೊಟ್ಟಮೊದಲ ಮಾತು: ಉಪಕರಣವನ್ನು ಮೊದಲೇ ಕೊಳ್ಳಬೇಡಿ. ಆರುನೂರು ಏಳುನೂರು ಡಾಲರ್ ಕೊಟ್ಟು ಉತ್ತಮ ಡಿಜಿಟಲ್ ಸ್ಕ್ಯಾನರ್ ತಂದು, ತಮ್ಮ ಊರಿನ ಪೊಲೀಸ್ ಚಾನೆಲ್ ಸಂಪೂರ್ಣ ಎನ್‌ಕ್ರಿಪ್ಟ್ ಆಗಿದೆ ಎಂದು ಆಮೇಲೆ ತಿಳಿದು ಕೈ ಹಿಸುಕಿಕೊಳ್ಳುವವರು ಬಹಳ. ಯಾವ ಬೆಲೆಯ ಸ್ಕ್ಯಾನರ್ ಕೂಡ ಎನ್‌ಕ್ರಿಪ್ಟ್ ಆದ ಮಾತನ್ನು ಬಿಡಿಸಿ ಕೇಳಿಸುವುದಿಲ್ಲ. ರೇಡಿಯೋ ರೆಫರೆನ್ಸ್ ಎಂಬ ದತ್ತಸಂಗ್ರಹದಲ್ಲಿ ನಿಮ್ಮ ರಾಜ್ಯವನ್ನೂ ಕೌಂಟಿಯನ್ನೂ ಆರಿಸಿದರೆ, ಅಲ್ಲಿನ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮತ್ತು ಪುರಸಭೆಯ ಚಾನೆಲ್‌ಗಳ ಪಟ್ಟಿ ಸಿಗುತ್ತದೆ. ಪ್ರತಿ ಸಾಲಿನಲ್ಲಿ ಮೋಡ್ ಎಂಬ ಒಂದು ಅಂಕಣವಿದೆ. ನೀವು ಓದಬೇಕಾದದ್ದು ಅದನ್ನೇ. ಬರಿಯ 'ಎ' ಎಂದಿದ್ದರೆ ಹಳೆಯ ಅನಲಾಗ್ ಧ್ವನಿ, 'ಡಿ' ಎಂದಿದ್ದರೆ ಡಿಜಿಟಲ್, 'ಟಿ' ಎಂದಿದ್ದರೆ ಒಂದೇ ಕಂಪನಾಂಕವನ್ನು (ಫ್ರೀಕ್ವೆನ್ಸಿಯನ್ನು) ಎರಡು ಮಾತುಕತೆಗಳು ಕಾಲವನ್ನು ಹಂಚಿಕೊಂಡು ಬಳಸುವ ಹೊಸ ಬಗೆಯ ಡಿಜಿಟಲ್. ಈ ಅಕ್ಷರದ ಪಕ್ಕದಲ್ಲಿ ದೊಡ್ಡ 'ಇ' ಇದ್ದರೆ ಆ ಚಾನೆಲ್ ಪೂರ್ತಿ ಎನ್‌ಕ್ರಿಪ್ಟ್ ಆಗಿದೆ ಎಂದೂ, ಸಣ್ಣ 'ಇ' ಇದ್ದರೆ ಆಗಾಗ ಮಾತ್ರ ಆಗುತ್ತದೆ ಎಂದೂ ಅರ್ಥ. ಸಣ್ಣ ಅಕ್ಷರವೋ ದೊಡ್ಡ ಅಕ್ಷರವೋ ಎಂಬ ಈ ಒಂದು ವ್ಯತ್ಯಾಸವನ್ನು ಗಮನಿಸಿದರೆ ನೂರಾರು ಡಾಲರ್ ಉಳಿಯುತ್ತದೆ.

ಆ ಪಟ್ಟಿಯಲ್ಲಿ ಕಾಣುವ ಪದಗಳ ಹಿಂದಿನ ವ್ಯವಸ್ಥೆಯನ್ನೂ ಸ್ವಲ್ಪ ತಿಳಿದಿರಬೇಕು. ಹಳೆಯ ಕ್ರಮದಲ್ಲಿ ಒಂದು ಇಲಾಖೆಗೆ ಒಂದು ಕಂಪನಾಂಕ. ಅದಕ್ಕೆ ತಿರುಗಿಸಿದರೆ ಸಾಕು. ಈಗಿನ ದೊಡ್ಡ ಕೌಂಟಿಗಳಲ್ಲಿ ಬಹುಪಾಲು ಟ್ರಂಕಿಂಗ್ ಪದ್ಧತಿ ಇದೆ. ಇದರಲ್ಲಿ ಹತ್ತಾರು ಇಲಾಖೆಗಳು ಕೆಲವೇ ಕಂಪನಾಂಕಗಳನ್ನು ಹಂಚಿಕೊಳ್ಳುತ್ತವೆ. ಕಂಟ್ರೋಲ್ ಚಾನೆಲ್ ಎಂಬ ಒಂದು ಕಂಪನಾಂಕ ಬಿಡುವಿಲ್ಲದೆ, ಯಾವ ಗುಂಪು ಈಗ ಯಾವ ಕಂಪನಾಂಕದಲ್ಲಿ ಮಾತನಾಡಬೇಕು ಎಂಬ ಸೂಚನೆಯನ್ನು ಪ್ರಸಾರ ಮಾಡುತ್ತಿರುತ್ತದೆ. ಆ ಗುಂಪಿಗೆ ಟಾಕ್‌ಗ್ರೂಪ್ ಎಂದು ಹೆಸರು. ಸ್ಕ್ಯಾನರ್ ಕಂಟ್ರೋಲ್ ಚಾನೆಲನ್ನು ಹಿಡಿದು, ನೀವು ಆರಿಸಿದ ಟಾಕ್‌ಗ್ರೂಪಿನ ಹಿಂದೆ ಹೋಗುತ್ತದೆ. ಇಡೀ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಡಿಜಿಟಲ್ ಮಾನದಂಡ ಪಿ25. ಅದರಲ್ಲಿ ಸಾಮಾನ್ಯವಾಗಿ ಬಳಸುವ ಬಲವಾದ ಎನ್‌ಕ್ರಿಪ್ಷನ್ ಎಇಎಸ್-256, ಬ್ಯಾಂಕುಗಳೂ ನಂಬುವ ಕ್ರಮ. ಅದನ್ನು ಮುರಿಯುವ ತಂತ್ರಾಂಶ ಇದೆ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.

ಮುರಿಯಲು ಪ್ರಯತ್ನಿಸುವುದು ಕಾನೂನಿನ ಪ್ರಕಾರವೂ ತಪ್ಪು. 1986ರ ಎಲೆಕ್ಟ್ರಾನಿಕ್ ಕಮ್ಯುನಿಕೇಷನ್ಸ್ ಪ್ರೈವಸಿ ಕಾಯ್ದೆ, ಸಾರ್ವಜನಿಕರಿಗೆ ಸುಲಭವಾಗಿ ಸಿಗುವಂತಿರುವ ಪೊಲೀಸ್ ಮತ್ತು ಅಗ್ನಿಶಾಮಕ ರೇಡಿಯೋವನ್ನು ಆಲಿಸಲು ಅವಕಾಶ ಕೊಡುತ್ತದೆ. ಆದರೆ ಎನ್‌ಕ್ರಿಪ್ಟ್ ಆದ ಸಂದೇಶ ಆ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ಕೇಳಿದ್ದನ್ನು ಸ್ವಂತ ಲಾಭಕ್ಕೆ ಬಳಸುವುದರ ಮೇಲೆ 1934ರ ಕಮ್ಯುನಿಕೇಷನ್ಸ್ ಕಾಯ್ದೆಯ ನಿರ್ಬಂಧವಿದೆ. ರಾಜ್ಯಗಳ ಕಾನೂನುಗಳು ಬೇರೆಬೇರೆ. ನ್ಯೂಯಾರ್ಕ್ ರಾಜ್ಯದಲ್ಲಿ ಪೊಲೀಸ್ ಕಂಪನಾಂಕ ಹಿಡಿಯುವ ರೇಡಿಯೋವನ್ನು ಅನುಮತಿಯಿಲ್ಲದೆ ಕಾರಿನಲ್ಲಿ ಅಳವಡಿಸುವುದು ಅಪರಾಧ, ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಗಿ ಇರುವವರಿಗೆ ವಿನಾಯಿತಿಯಿದೆ; ಫ್ಲೋರಿಡಾ, ಕೆಂಟಕಿ, ಇಂಡಿಯಾನಾದಂಥ ರಾಜ್ಯಗಳಲ್ಲಿಯೂ ನಿರ್ಬಂಧಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕುಳಿತು ಆಲಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಅಪರಾಧಕ್ಕೆ ನೆರವಾಗಲು ಕೇಳುವುದು ಪ್ರತ್ಯೇಕ ಅಪರಾಧ. ವೀಸಾದ ಮೇಲೆ ಇರುವವರು ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಂಡು ರಾಜ್ಯದ ಗಡಿ ದಾಟುವ ಮುನ್ನ ಆ ರಾಜ್ಯದ ನಿಯಮವನ್ನು ಓದಿಕೊಳ್ಳಲೇಬೇಕು.

ಹಣ ಖರ್ಚು ಮಾಡದೆ ಆರಂಭಿಸಲು ಬ್ರಾಡ್‌ಕಾಸ್ಟಿಫೈ ಸಾಕು. ಆಯಾ ಊರಿನ ಸ್ವಯಂಸೇವಕರು ತಮ್ಮ ಮನೆಯ ಸ್ಕ್ಯಾನರ್‌ನ ಧ್ವನಿಯನ್ನು ಅಂತರಜಾಲಕ್ಕೆ ಕಳಿಸುತ್ತಾರೆ, ನಾವು ಫೋನಿನಲ್ಲಿ ಕೇಳುತ್ತೇವೆ. ಕಾರ್ಯಾಚರಣೆಯ ಗುಪ್ತ ಚಾನೆಲ್‌ಗಳನ್ನು ಅಲ್ಲಿ ಹಾಕಲು ಅನುಮತಿಯಿಲ್ಲ. ಓಪನ್‌ಎಂಎಚ್‌ಝಡ್ ಎಂಬ ತಾಣದಲ್ಲಿ ಟ್ರಂಕಿಂಗ್ ವ್ಯವಸ್ಥೆಯ ಒಂದೊಂದು ಕರೆಯೂ ಬಿಡಿಬಿಡಿಯಾಗಿ ಧ್ವನಿಮುದ್ರಿತವಾಗಿರುವುದರಿಂದ, ಹಿಂದಕ್ಕೆ ಹೋಗಿ ಕೇಳಲು ಅನುಕೂಲ.

ಸ್ವಂತ ಉಪಕರಣ ಬೇಕೆನ್ನುವವರಿಗೆ ನನ್ನ ಸಲಹೆ ಆರ್‌ಟಿಎಲ್-ಎಸ್‌ಡಿಆರ್. ಟಿವಿ ಪ್ರಸಾರ ಹಿಡಿಯಲೆಂದು ತಯಾರಾದ ಚಿಪ್‌ನ ಮೇಲೆ ರೂಪುಗೊಂಡ ಈ ಯುಎಸ್‌ಬಿ ಕಡ್ಡಿ ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ, ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಆಲಿಸುತ್ತದೆ, ಪ್ರಸಾರ ಮಾಡುವುದಿಲ್ಲ. ಜೋಡಿಸಿದ ಕೂಡಲೇ ಪೊಲೀಸ್ ಚಾನೆಲ್ ಹುಡುಕುವ ಬದಲು, 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಹವಾಮಾನ ಇಲಾಖೆಯ ಏಳು ಚಾನೆಲ್‌ಗಳಲ್ಲಿ ಒಂದನ್ನು ಹಿಡಿಯಿರಿ. ಅದು ಹಗಲೂ ರಾತ್ರಿ ನಿಲ್ಲದ ಅನಲಾಗ್ ಪ್ರಸಾರವಾದ್ದರಿಂದ, ಸ್ಪಷ್ಟವಾಗಿ ಕೇಳಿಸಿದರೆ ಕಡ್ಡಿ, ಆಂಟೆನಾ, ಚಾಲಕ ತಂತ್ರಾಂಶ ಮೂರೂ ಸರಿಯಿವೆ ಎಂದು ಖಾತ್ರಿಯಾಗುತ್ತದೆ. ಅನಂತರ ಎಸ್‌ಡಿಆರ್‌ಟ್ರಂಕ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಕೌಂಟಿಯ ಕಂಟ್ರೋಲ್ ಚಾನೆಲಿನ ಕಂಪನಾಂಕವನ್ನು ಕೊಡಿ. ಒಂದು ಕಡ್ಡಿ ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲವನ್ನಷ್ಟೇ ನೋಡಬಲ್ಲದು. ನಿಮ್ಮ ವ್ಯವಸ್ಥೆಯ ಕಂಪನಾಂಕಗಳು ಅದಕ್ಕಿಂತ ಹರಡಿಕೊಂಡಿದ್ದರೆ ಕೆಲವು ಕರೆಗಳು ತಪ್ಪಿಹೋಗುತ್ತವೆ, ಆಗ ಎರಡನೆಯ ಕಡ್ಡಿ ಬೇಕಾಗುತ್ತದೆ.

ಧ್ವನಿ ಒಡೆದೊಡೆದು ಬರುತ್ತಿದ್ದರೆ ಉಪಕರಣ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಅನೇಕ ಕೌಂಟಿಗಳಲ್ಲಿ ಹಲವು ಗೋಪುರಗಳು ಒಂದೇ ಕಂಪನಾಂಕದಲ್ಲಿ ಒಂದೇ ಮಾತನ್ನು ಏಕಕಾಲಕ್ಕೆ ಪ್ರಸಾರ ಮಾಡುತ್ತವೆ. ಬೇರೆಬೇರೆ ದೂರದಿಂದ ಬರುವ ಆ ಅಲೆಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಸಮಯದಲ್ಲಿ ತಲುಪಿ ಒಂದರ ಮೇಲೊಂದು ಬೀಳುವುದರಿಂದ ಡಿಜಿಟಲ್ ಸಂಕೇತ ಕಲಸಿಹೋಗುತ್ತದೆ. ಆಂಟೆನಾವನ್ನು ಕೋಣೆಯ ಇನ್ನೊಂದು ಮೂಲೆಗೆ ಸರಿಸುವುದು, ಇಲ್ಲವೇ ಒಂದೇ ಗೋಪುರದ ಕಡೆ ಮುಖ ಮಾಡುವ ಯಾಗಿ ಆಂಟೆನಾ ಬಳಸುವುದು ಇದಕ್ಕೆ ಪರಿಹಾರ. ಯೂನಿಡನ್ ಕಂಪನಿಯ ಎಸ್‌ಡಿಎಸ್100 ಮಾದರಿ ಈ ತೊಂದರೆಯನ್ನು ಚೆನ್ನಾಗಿ ನಿಭಾಯಿಸುತ್ತದೆ, ಅದರ ದುಬಾರಿ ಬೆಲೆಗೆ ಮುಖ್ಯ ಕಾರಣವೂ ಅದೇ.

ಪೊಲೀಸ್ ಚಾನೆಲ್ ಮುಚ್ಚಿರುವ ಕೌಂಟಿಗಳಲ್ಲಿಯೂ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಚಾನೆಲ್‌ಗಳು ಬಹಳ ಕಡೆ ತೆರೆದೇ ಇವೆ, ಏಕೆಂದರೆ ಕಾಳ್ಗಿಚ್ಚಿನಂಥ ಸಂದರ್ಭದಲ್ಲಿ ನೆರೆಯ ಇಲಾಖೆಗಳು ಪರಸ್ಪರ ಮಾತನಾಡಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೆಂಕಿಯ ತಿಂಗಳುಗಳಲ್ಲಿ ನಿಮ್ಮ ಕುಟುಂಬದ ಸುರಕ್ಷತೆಗೆ ಪೊಲೀಸ್ ಚಾನೆಲಿಗಿಂತ ಇವೇ ಹೆಚ್ಚು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿನ ಹೈವೇ ಪ್ಯಾಟ್ರೋಲ್ (ಹೆದ್ದಾರಿ ಪೊಲೀಸ್) 40 ಮೆಗಾಹರ್ಟ್ಸ್ ಆಸುಪಾಸಿನ ಕೆಳಪಟ್ಟಿಯನ್ನು ದೀರ್ಘಕಾಲದಿಂದ ಬಳಸುತ್ತ ಬಂದಿದೆ; ಅದಕ್ಕೆ ಆರು ಅಡಿಯಷ್ಟು ಉದ್ದದ ತಂತಿ ಬೇಕು, 850 ಮೆಗಾಹರ್ಟ್ಸ್‌ಗೆ ಹೊಂದುವ ಮೂರೂವರೆ ಅಂಗುಲದ ಆಂಟೆನಾ ಸಾಲದು. ಹೈವೇ ಪ್ಯಾಟ್ರೋಲ್ ತನ್ನ ಘಟನೆಗಳ ಪಟ್ಟಿಯನ್ನು ಅಂತರಜಾಲದಲ್ಲಿಯೂ ಪ್ರಕಟಿಸುತ್ತದೆ. ಪಲ್ಸ್‌ಪಾಯಿಂಟ್ ಎಂಬ ಆ್ಯಪ್‌ನಲ್ಲಿ, ಅದಕ್ಕೆ ಸೇರಿರುವ ಊರುಗಳ ಅಗ್ನಿಶಾಮಕ ಮತ್ತು ವೈದ್ಯಕೀಯ ಕರೆಗಳು ಕಾಣುತ್ತವೆ. ತಲೆಯ ಮೇಲಿನ ಹೆಲಿಕಾಪ್ಟರ್ ಯಾರದೆಂದು ತಿಳಿಯಲು, ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸ್ಥಾನಸೂಚಿ ಸಂಕೇತವನ್ನು ಅದೇ ಆರ್‌ಟಿಎಲ್-ಎಸ್‌ಡಿಆರ್ ಕಡ್ಡಿಯಿಂದ ಹಿಡಿಯಬಹುದು.

ಆಲಿಸುವವರು ನೆನಪಿಡಬೇಕಾದ ಒಂದು ಶಿಸ್ತು ಇದೆ. ಡಿಸ್ಪ್ಯಾಚರ್ ಹೇಳುವುದು ಯಾರೋ 911ಕ್ಕೆ ಕರೆ ಮಾಡಿ ಹೇಳಿದ ಮಾತು, ಅದು ಸಾಬೀತಾದ ಸಂಗತಿಯಲ್ಲ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ಆರೋಪಿಗಳ ಶೋಧ ನಡೆದಾಗ, ಸ್ಕ್ಯಾನರಿನಲ್ಲಿ ಕೇಳಿಬಂತು ಎಂದು ಸಾಮಾಜಿಕ ಜಾಲತಾಣಗಳಲ್ಲಿ ಹರಡಿದ ಹೆಸರು ಸಂಪೂರ್ಣ ತಪ್ಪಾಗಿತ್ತು. ಅದು ನಿರಪರಾಧಿಯೊಬ್ಬನ ಕುಟುಂಬವನ್ನು ತೀವ್ರ ಸಂಕಟಕ್ಕೆ ದೂಡಿತು. ಶೋಧಿಸುತ್ತಿರುವ ಮನೆಗಳ ವಿವರವನ್ನು ಪ್ರಸಾರ ಮಾಡಬೇಡಿ ಎಂದು ಬಾಸ್ಟನ್ ಪೊಲೀಸರು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಆದ್ದರಿಂದ ವ್ಯಕ್ತಿಗಳ ಹೆಸರು, ಮನೆಯ ಸಂಖ್ಯೆ, ವಾಹನದ ಸಂಖ್ಯೆಗಳನ್ನು ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿಗೂ ಕಳಿಸಬೇಡಿ. ರಸ್ತೆ ಮುಚ್ಚಿದೆ, ಬೆಂಕಿ ಇತ್ತ ಬರುತ್ತಿದೆ ಎಂಬಂಥ ಸುದ್ದಿಯನ್ನೂ ಅಧಿಕೃತ ಪ್ರಕಟಣೆಯೊಡನೆ ಹೋಲಿಸಿಯೇ ಕಳಿಸಿ.

ಈ ವೈಯಕ್ತಿಕ ವಿವರಗಳ ರಕ್ಷಣೆಯೇ ಎನ್‌ಕ್ರಿಪ್ಷನ್‌ಗೆ ಇಲಾಖೆಗಳು ಕೊಡುವ ಪ್ರಬಲ ಕಾರಣಗಳಲ್ಲಿ ಒಂದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಹೊರಡಿಸಿದ ಸುತ್ತೋಲೆಯಲ್ಲಿ ಎರಡು ದಾರಿಗಳಿದ್ದವು: ರೇಡಿಯೋವನ್ನು ಎನ್‌ಕ್ರಿಪ್ಟ್ ಮಾಡುವುದು, ಇಲ್ಲವೇ ವೈಯಕ್ತಿಕ ವಿವರಗಳನ್ನು ತೆರೆದ ಚಾನೆಲಿನಲ್ಲಿ ಹೇಳದಂತೆ ನಿಯಮ ರೂಪಿಸುವುದು. ಅನೇಕ ಇಲಾಖೆಗಳು ಮೊದಲನೆಯದನ್ನೇ ಆರಿಸಿಕೊಂಡವು. 2021ರ ಆರಂಭದಲ್ಲಿ ಎನ್‌ಕ್ರಿಪ್ಟ್ ಮಾಡಿದ್ದ ಪಾಲೋ ಆಲ್ಟೋ, ನಿವಾಸಿಗಳ ಒತ್ತಾಯದ ಬಳಿಕ 2022ರಲ್ಲಿ ಎರಡನೆಯ ದಾರಿಗೆ ಬಂದು ತನ್ನ ಮುಖ್ಯ ಚಾನೆಲನ್ನು ಮತ್ತೆ ತೆರೆಯಿತು. ನಿಮ್ಮ ನಗರಸಭೆಯಲ್ಲಿ ಈ ವಿಷಯ ಎತ್ತುವುದಾದರೆ ಪಾಲೋ ಆಲ್ಟೋವನ್ನೇ ಮೊದಲು ಉದಾಹರಿಸಿ. ಅಷ್ಟಕ್ಕೆ ಒಪ್ಪದಿದ್ದರೆ ನಡುವಿನ ದಾರಿಗಳೂ ಇವೆ: ಷಿಕಾಗೋ 30 ನಿಮಿಷ, ಬಾಲ್ಟಿಮೋರ್ 15 ನಿಮಿಷ ತಡವಾಗಿ ತಮ್ಮ ಪೊಲೀಸ್ ರೇಡಿಯೋವನ್ನು ಸಾರ್ವಜನಿಕರಿಗೆ ಕೇಳಿಸುವ ವ್ಯವಸ್ಥೆ ಮಾಡಿದವು, ಕೊಲೊರಾಡೋ 2021ರಲ್ಲಿ, ಎಲ್ಲ ಚಾನೆಲ್‌ಗಳನ್ನೂ ಮುಚ್ಚುವ ಇಲಾಖೆಗಳು ಸುದ್ದಿಮಾಧ್ಯಮಕ್ಕೆ ಪ್ರವೇಶ ಕೊಡುವ ನೀತಿ ರೂಪಿಸಬೇಕೆಂದು ಕಾನೂನು ಮಾಡಿತು. ಎದುರಿಗೆ ಬೀದಿಯಲ್ಲಿ ಅಪಾಯ ನಡೆಯುತ್ತಿರುವಾಗ ಅರ್ಧ ಗಂಟೆ ತಡವಾಗಿ ಬರುವ ಧ್ವನಿ ಎಚ್ಚರಿಕೆಯ ಕೆಲಸ ಮಾಡಲಾರದು. ಆದರೆ ಪೊಲೀಸರು ಹೇಗೆ ನಡೆದುಕೊಂಡರು ಎಂದು ಪರಿಶೀಲಿಸಲು ಅದು ನೆರವಾಗುತ್ತದೆ. ಸ್ಥಳೀಯ ಆಡಳಿತದ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತನಾಡಲು ಅವಕಾಶ ಕೊಡಬೇಕು. ಮಾತನಾಡಲು ಪೌರತ್ವದ ಅಗತ್ಯವಿಲ್ಲ.

ಒಂದು ನಿರ್ದಿಷ್ಟ ರಾತ್ರಿಯ ಘಟನೆಯ ಬಗ್ಗೆ ತಿಳಿಯಬೇಕಾದರೆ ಸಾರ್ವಜನಿಕ ದಾಖಲೆಯ ಅರ್ಜಿಯೇ ದಾರಿ. ಇಲ್ಲಿ ತಡ ಮಾಡಬಾರದು: ಕ್ಯಾಲಿಫೋರ್ನಿಯಾದ ನಗರಗಳು ರೇಡಿಯೋ ಮತ್ತು ದೂರವಾಣಿ ಧ್ವನಿಮುದ್ರಿಕೆಗಳನ್ನು 100 ದಿನಗಳ ಬಳಿಕ ಅಳಿಸಲು ಕಾನೂನು ಬಿಡುತ್ತದೆ. ಅರ್ಜಿಯಲ್ಲಿ ದಿನಾಂಕ, ಗಂಟೆ ನಿಮಿಷಗಳ ಅವಧಿ, ರಸ್ತೆಗಳ ಹೆಸರು ಇವನ್ನು ಖಚಿತವಾಗಿ ಬರೆದು, ರೇಡಿಯೋ ಮುದ್ರಿಕೆಯ ಜೊತೆಗೆ ಆ ಕರೆಯ ಕಂಪ್ಯೂಟರ್ ಡಿಸ್ಪ್ಯಾಚ್ ದಾಖಲೆಯನ್ನೂ ಕೇಳಿ. ತನಿಖೆಯ ನೆಪದಲ್ಲಿ ಮುದ್ರಿಕೆಯನ್ನು ನಿರಾಕರಿಸಿದರೂ ಕರೆ ಬಂದ ಸಮಯ ಮತ್ತು ಸ್ಥಳದಂಥ ಮೂಲ ವಿವರಗಳನ್ನು ಕೊಡಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಕೇಳಿದ ದಾಖಲೆ ಕೊಡಬಹುದೋ ಇಲ್ಲವೋ ಎಂಬುದನ್ನು ಅವರು 10 ದಿನಗಳಲ್ಲಿ ನಿರ್ಧರಿಸಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ 14 ದಿನಗಳ ಕಾಲಾವಕಾಶವಿದೆ. ಲಿಖಿತವಾಗಿ ಕೇಳಿದ್ದಕ್ಕೆ ನಿರಾಕರಣೆಯೂ ಲಿಖಿತವಾಗಿಯೇ ಬರಬೇಕು. ಆ ಪತ್ರವನ್ನು ದಿನಾಂಕದ ಸಮೇತ ಜೋಪಾನವಾಗಿ ಇಟ್ಟುಕೊಂಡು, ನಗರಸಭೆಯ ಮುಂದೆ ಮಾತನಾಡುವ ದಿನ ಅದರ ಪ್ರತಿಗಳನ್ನು ಸದಸ್ಯರಿಗೆ ಹಂಚಿ.